ಗಲ್ಲಾದ ಹಳೆಯ ಕಂಪ್ಯೂಟರನ್ನು ಚುರುಕುಗೊಳಿಸುವುದು ಹೇಗೆ?



ಇಂದು ನಮ್ಮವರ ಹೋಟೆಲುಗಳಲ್ಲಿ ಕಂಪ್ಯೂಟರ್ ಇಲ್ಲದ ಗಲ್ಲಾ ಸಿಗುವುದು ಅಪರೂಪ. ಒಂದು ಕಾಲದಲ್ಲಿ ಮಾಣಿ ಬಾಯಲ್ಲೇ ಲೆಕ್ಕ ಕೂಗುತ್ತಿದ್ದ, ಗಲ್ಲಾದಲ್ಲಿ ಕೂತವರು ಅದನ್ನು ಕೇಳಿಯೇ ಹಣ ಎಣಿಸಿಕೊಳ್ಳುತ್ತಿದ್ದರು. ಆಮೇಲೆ ಬಿಲ್ ಪುಸ್ತಕ ಬಂತು, ಕಾರ್ಬನ್ ಕಾಗದ ಬಂತು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲಂತೂ ಎಷ್ಟೋ ಸಣ್ಣ ಉಪಾಹಾರಗೃಹದವರೂ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿಕೊಂಡರು.

ಆಗ ಕೊಂಡ ಯಂತ್ರಗಳಿಗೆ ಈಗ ವಯಸ್ಸಾಗಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಬಿಲ್ ಒತ್ತಿದರೆ ಪರದೆಯ ಮೇಲೆ ಬಳೆ ಸುತ್ತುತ್ತಲೇ ಇರುತ್ತದೆ. ಹಿಂದೆ ಆರು ಜನ ಹಣ ಹಿಡಿದು ನಿಂತಿರುತ್ತಾರೆ. ಪಾರ್ಸೆಲಿನವನು ಗಡಿಯಾರ ನೋಡುತ್ತಾನೆ. ಬೈಸಿಕೊಳ್ಳುವವನು ಮಾತ್ರ ಗಲ್ಲಾದಲ್ಲಿ ಕೂತ ಹುಡುಗ. ಯಂತ್ರ ನಿಧಾನವಾದದ್ದಕ್ಕೆ ಹುಡುಗನನ್ನು ಬದಲಿಸಿದ ಹೋಟೆಲುಗಳೂ ಇವೆ.

ರಿಪೇರಿಯವರನ್ನು ಕರೆದರೆ ಹೆಚ್ಚಾಗಿ ಬರುವ ಉತ್ತರ ಒಂದೇ: "ಸೇಟ್, ಇದು ಹಳೆಯದಾಯಿತು, ಹೊಸದು ತೆಗೆದುಕೊಳ್ಳಿ." ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ದೋಸೆ ತಡವಾಗಿ ಬಂದರೆ ನಾವು ಕೂಡಲೇ ಭಟ್ಟರನ್ನು ಮನೆಗೆ ಕಳುಹಿಸುತ್ತೇವೆಯೇ? ಕಾವಲಿ ಕಾದಿದೆಯೇ, ಹಿಟ್ಟು ಬಂದಿದೆಯೇ, ಗ್ಯಾಸ್ ಸರಿಯಾಗಿ ಬರುತ್ತಿದೆಯೇ ಎಂದು ಮೊದಲು ನೋಡುತ್ತೇವೆ. ಕಂಪ್ಯೂಟರಿಗೂ ಇದೇ ನ್ಯಾಯ. ಎಲ್ಲಿ ತಡೆಯಾಗಿದೆ ಎಂದು ತಿಳಿಯದೆ ದುಡ್ಡು ಬಿಚ್ಚಬಾರದು. ಈ ಲೇಖನದಲ್ಲಿ ನಾವು ಹೇಳಹೊರಟದ್ದು ಇಷ್ಟೇ.

ನಾವು ಕಂಪ್ಯೂಟರ್ ಓದಿದವರಲ್ಲ, ಹತ್ತನೇ ತರಗತಿ ಮುಗಿಸಿ ಹೋಟೆಲು ಕೆಲಸಕ್ಕೆ ಬಂದವರು. ಆದರೆ ನಮ್ಮ ಗಲ್ಲಾದ ಯಂತ್ರದ ಜೊತೆ ಏಗುತ್ತಾ, ತಿಳಿದವರನ್ನು ಕೇಳುತ್ತಾ ಕಲಿತದ್ದನ್ನು ನಮ್ಮ ಕಸುಬಿನ ಮಾತಿನಲ್ಲೇ ಇಲ್ಲಿ ಬರೆಯುತ್ತಿದ್ದೇವೆ.

ಯಂತ್ರದೊಳಗಿನ ಅಡಿಗೆಮನೆ

ಕಂಪ್ಯೂಟರಿನೊಳಗೆ ಮುಖ್ಯವಾದವು ಮೂರು. ಪ್ರೊಸೆಸರ್ ಎಂದರೆ ಅಡಿಗೆ ಭಟ್ಟರು. ಕೆಲಸ ಮಾಡುವವರು ಅವರೇ. ರ‍್ಯಾಮ್ ಎಂದರೆ ಭಟ್ಟರ ಮುಂದಿನ ಕಟ್ಟೆ. ಈಗ ಮಾಡುತ್ತಿರುವ ಅಡಿಗೆಗೆ ಬೇಕಾದ ಸಾಮಾನೆಲ್ಲ ಅಲ್ಲಿ ಹರಡಿಕೊಂಡಿರುತ್ತದೆ. ಹಾರ್ಡ್ ಡಿಸ್ಕ್ ಎಂದರೆ ಉಗ್ರಾಣ. ಅಕ್ಕಿ, ಬೇಳೆ, ಎಣ್ಣೆ ಎಲ್ಲದರ ದಾಸ್ತಾನು ಅಲ್ಲಿ. ನಮ್ಮ ಬಿಲ್ಲುಗಳು, ಲೆಕ್ಕಪತ್ರ, ವಿಂಡೋಸ್ ಎಲ್ಲವೂ ಅಲ್ಲೇ ಇರುತ್ತದೆ.

ಕಟ್ಟೆ ಚಿಕ್ಕದಾದರೆ ಏನಾಗುತ್ತದೆ? ಭಟ್ಟರು ಒಂದು ಪಾತ್ರೆ ಇಡಲು ಇನ್ನೊಂದನ್ನು ತೆಗೆದು ಉಗ್ರಾಣಕ್ಕೆ ಕಳುಹಿಸಬೇಕು. ಅದು ಬೇಕಾದಾಗ ಮತ್ತೆ ತರಿಸಬೇಕು. ಕಂಪ್ಯೂಟರಿನಲ್ಲೂ ರ‍್ಯಾಮ್ ಸಾಲದಾದಾಗ ವಿಂಡೋಸ್ ಹೀಗೆಯೇ ಡಿಸ್ಕಿಗೂ ರ‍್ಯಾಮಿಗೂ ಸಾಮಾನು ಹೊರುತ್ತಾ ಇರುತ್ತದೆ. ಉಗ್ರಾಣವೇ ನಿಧಾನವಾಗಿದ್ದರೆ ಭಟ್ಟರು ಎಷ್ಟೇ ಚುರುಕಾಗಿದ್ದರೂ ಕೈಕಟ್ಟಿ ನಿಲ್ಲಬೇಕು.

ಹಳೆಯ ಯಂತ್ರಗಳಲ್ಲಿ ಹೆಚ್ಚಾಗಿ ಆಗುತ್ತಿರುವುದು ಇದೇ. ಹಾರ್ಡ್ ಡಿಸ್ಕಿನೊಳಗೆ ಒಂದು ತಟ್ಟೆ ತಿರುಗುತ್ತಿರುತ್ತದೆ, ಮಿನಿಟಿಗೆ 5400 ಅಥವಾ 7200 ಸುತ್ತು. ಅದರ ಮೇಲೆ ಒಂದು ಸೂಜಿ ಅತ್ತಿತ್ತ ಸರಿದು ಬೇಕಾದ ಮಾಹಿತಿಯನ್ನು ಹುಡುಕಬೇಕು. ಒಂದೊಂದು ಹುಡುಕಾಟಕ್ಕೂ ಸುಮಾರು ಸೆಕೆಂಡಿನ ನೂರನೇ ಒಂದು ಭಾಗ ಬೇಕು. ಕೇಳಲು ಕಡಿಮೆ ಎನಿಸುತ್ತದೆ. ಆದರೆ ವಿಂಡೋಸ್ ತೆರೆಯುವಾಗ ಇಂಥ ಹುಡುಕಾಟ ಸಾವಿರಗಟ್ಟಲೆ ನಡೆಯುತ್ತದೆ. ಸೆಕೆಂಡುಗಳು ಮಿನಿಟುಗಳಾಗುವುದು ಹೀಗೆ.

ಎಲ್ಲಕ್ಕೂ ಮೊದಲು ಬ್ಯಾಕಪ್

ಯಂತ್ರಕ್ಕೆ ಕೈ ಹಾಕುವ ಮೊದಲು ಲೆಕ್ಕಪತ್ರದ ಪ್ರತಿ ತೆಗೆದಿಡಬೇಕು. ಜಿಎಸ್‌ಟಿ ಕಾನೂನಿನ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸಲು ಇರುವ ಕೊನೆಯ ದಿನದಿಂದ 72 ತಿಂಗಳು, ಅಂದರೆ ಆರು ವರ್ಷ, ಲೆಕ್ಕದ ದಾಖಲೆ ಉಳಿಸಿಕೊಂಡಿರಬೇಕು. "ಡಿಸ್ಕ್ ಹೋಯಿತು ಸ್ವಾಮಿ" ಎಂದರೆ ಅಧಿಕಾರಿಗಳು ಒಪ್ಪಬೇಕೆಂದಿಲ್ಲ.

ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಬ್ಯಾಕಪ್ ಎಂಬ ಗುಂಡಿ ಇರುತ್ತದೆ. ಅದರಿಂದ ತೆಗೆದ ಪ್ರತಿಯನ್ನು ಅದೇ ಯಂತ್ರದಲ್ಲಿ ಇಟ್ಟರೆ ಪ್ರಯೋಜನವಿಲ್ಲ. ಒಂದು ಪೆನ್ ಡ್ರೈವಿಗೆ ಹಾಕಿ ಮನೆಗೆ ಒಯ್ಯಬೇಕು. ಇನ್ನೊಂದು ಪ್ರತಿಯನ್ನು ಲೆಕ್ಕ ಪರಿಶೋಧಕರಿಗೋ, ಇಂಟರ್ನೆಟ್ಟಿನಲ್ಲಿ ನಮ್ಮದೇ ಖಾತೆಗೋ ಕಳುಹಿಸಿಡಬೇಕು. ಪ್ರತಿ ತೆಗೆದ ಮೇಲೆ ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ತೆರೆಯದ ಬ್ಯಾಕಪ್ ಬೀಗದ ಕೈ ಇಲ್ಲದ ತಿಜೋರಿ ಇದ್ದಂತೆ.

ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಬೇರೆ ಯಾವ ಕೆಲಸಕ್ಕೂ ಕೈ ಹಾಕಬೇಡಿ. ಅದು ಡಿಸ್ಕ್ ಸಾಯುವ ಲಕ್ಷಣ. ಅಂದೇ ಪ್ರತಿ ತೆಗೆಯಿರಿ.

ತಡೆ ಎಲ್ಲಿದೆ?

ಬ್ಯಾಕಪ್ ಆದ ಮೇಲೆ ರೋಗ ಪರೀಕ್ಷೆ. ಕೀಬೋರ್ಡಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆಯುತ್ತದೆ. ಚಿಕ್ಕದಾಗಿ ತೆರೆದರೆ ಕೆಳಗಿನ ಮೋರ್ ಡೀಟೇಲ್ಸ್ ಒತ್ತಿ. ಅಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂದು ಮೂರು ಸಾಲು, ಒಂದೊಂದರ ಮೇಲೂ ಶೇಕಡಾವಾರು ಅಂಕಿ. ಭಟ್ಟರು, ಕಟ್ಟೆ, ಉಗ್ರಾಣ ಈ ಮೂವರಲ್ಲಿ ಯಾರು ಉಸಿರುಗಟ್ಟಿದ್ದಾರೆ ಎಂದು ಅದರಿಂದ ತಿಳಿಯುತ್ತದೆ.

ನೋಡುವುದಾದರೆ ಬೆಳಿಗ್ಗೆ ಖಾಲಿ ಹೊತ್ತಿನಲ್ಲಿ ಅಲ್ಲ, ಯಂತ್ರ ತಿಣುಕುತ್ತಿರುವಾಗಲೇ ನೋಡಬೇಕು. ಡಿಸ್ಕ್ 100ರ ಹತ್ತಿರ ನಿಂತೇ ಇದ್ದು ಸಿಪಿಯು 10, 20ರಲ್ಲಿ ಇದ್ದರೆ ಉಗ್ರಾಣವೇ ತಡೆ. ಮೆಮೊರಿ 85, 90ಕ್ಕಿಂತ ಮೇಲೆಯೇ ಇದ್ದರೆ ಕಟ್ಟೆ ಸಾಲದು. ಸಿಪಿಯು ಒಂದೇ ಸಮನೆ 100ರಲ್ಲಿದ್ದರೆ ಯಾವ ಕಾರ್ಯಕ್ರಮ ಅದನ್ನು ತಿನ್ನುತ್ತಿದೆ ಎಂದು ಅದೇ ಪಟ್ಟಿಯಲ್ಲಿ ಹೆಸರು ಸಿಗುತ್ತದೆ. ಮೂರೂ ಕಡಿಮೆ ಇದ್ದು ಬಿಲ್ ಮಾತ್ರ ತಡವಾಗುತ್ತಿದ್ದರೆ ಕಾರಣ ಬೇರೆ ಕಡೆ ಇದೆ. ಅದನ್ನು ಮುಂದೆ ಹೇಳುತ್ತೇವೆ.

ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ರಿಪೇರಿಯವರ ಮುಂದೆ ಆ ಚೀಟಿ ಹಿಡಿದು ಮಾತಾಡಿದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಖರ್ಚಿಲ್ಲದ ಕೆಲಸಗಳು

1. ಕರೆಯದೆ ಬರುವವರನ್ನು ನಿಲ್ಲಿಸಿ. ಯಂತ್ರ ಶುರುವಾದೊಡನೆ ನಮಗೆ ಗೊತ್ತಿಲ್ಲದೆ ಹತ್ತಾರು ಕಾರ್ಯಕ್ರಮಗಳು ಎದ್ದು ಕೂರುತ್ತವೆ. ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟಪ್ ಎಂಬಲ್ಲಿ ಅವುಗಳ ಪಟ್ಟಿ ಇದೆ. ಬೇಡವಾದದ್ದರ ಮೇಲೆ ಬಲಗಡೆಯ ಗುಂಡಿ ಒತ್ತಿ ಡಿಸೇಬಲ್ ಮಾಡಿ. ಇದರಿಂದ ಕಾರ್ಯಕ್ರಮ ಅಳಿಸಿ ಹೋಗುವುದಿಲ್ಲ, ಕರೆದಾಗ ಮಾತ್ರ ಬರುತ್ತದೆ. ಆಂಟಿವೈರಸ್, ಬಿಲ್ಲಿಂಗ್ ಸಾಫ್ಟ್‌ವೇರ್, ಪ್ರಿಂಟರ್ ಇವುಗಳ ಹೆಸರು ಇದ್ದರೆ ಮುಟ್ಟಬೇಡಿ. ಗುರುತಿಲ್ಲದ ಹೆಸರನ್ನು ಕೇಳಿ ತಿಳಿದ ಮೇಲೆ ತೆಗೆಯಿರಿ.

2. ಎರಡು ಆಂಟಿವೈರಸ್ ಬೇಡ. ಒಂದು ಕಂಪೆನಿಯದ್ದು ಅವಧಿ ಮುಗಿದು ಕೂತಿರುತ್ತದೆ, ಇನ್ನೊಂದನ್ನು ಯಾರೋ ಹಾಕಿ ಹೋಗಿರುತ್ತಾರೆ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಕಾವಲು ಜೊತೆಗೇ ಬರುತ್ತದೆ. ಬೇರೆಯದು ಬೇಕಾದರೆ ಒಂದೇ ಇರಲಿ, ಅವಧಿ ಮುಗಿದದ್ದನ್ನು ಪೂರ್ತಿ ತೆಗೆಸಿ.

3. ಬ್ರೌಸರಿನ ಕಿಟಕಿಗಳನ್ನು ಕಡಿಮೆ ಮಾಡಿ. ಬೆಳಿಗ್ಗೆ ಯೂಟ್ಯೂಬಿನಲ್ಲಿ ಸುಪ್ರಭಾತ ಹಾಕಿದ್ದು ಸಂಜೆಯವರೆಗೂ ತೆರೆದೇ ಇರುತ್ತದೆ. ಪಕ್ಕದಲ್ಲಿ ವಾಟ್ಸ್ಯಾಪ್, ಅದರ ಪಕ್ಕದಲ್ಲಿ ಪಾರ್ಸೆಲ್ ಆರ್ಡರಿನ ಪುಟ, ಕ್ರಿಕೆಟ್ ಸ್ಕೋರು. 4 ಜಿಬಿ ರ‍್ಯಾಮಿನ ಯಂತ್ರಕ್ಕೆ ಇಷ್ಟು ಸಂಸಾರ ತೂಗಿಸಲಾಗದು. ಸುಪ್ರಭಾತಕ್ಕೆ ಒಂದು ಹಳೆಯ ಮೊಬೈಲ್ ಇಡಿ. ಗಲ್ಲಾದ ಯಂತ್ರ ಬಿಲ್ಲಿಗೆ ಮಾತ್ರ.

4. ಉಗ್ರಾಣದಲ್ಲಿ ಓಡಾಡಲು ಜಾಗ ಬಿಡಿ. ಸಿ ಡ್ರೈವಿನಲ್ಲಿ ಐದರಲ್ಲಿ ಒಂದು ಪಾಲಾದರೂ ಖಾಲಿ ಇರಲಿ. ಹುಡುಗರು ಇಳಿಸಿಕೊಂಡ ಸಿನಿಮಾ, ಹಾಡು, ಮದುವೆಯ ವೀಡಿಯೋ ಇವನ್ನು ಬೇರೆಡೆಗೆ ಸಾಗಿಸಿ. ಡಿಸ್ಕ್ ಕ್ಲೀನಪ್ ಎಂಬ ಸೌಕರ್ಯ ವಿಂಡೋಸಿನಲ್ಲೇ ಇದೆ, ಕಸ ಗುಡಿಸಲು ಅದು ಸಾಕು. "ಒಂದೇ ಕ್ಲಿಕ್ಕಿನಲ್ಲಿ ಹತ್ತುಪಟ್ಟು ವೇಗ" ಎಂದು ಜಾಹೀರಾತು ಬರುವ ಕಾರ್ಯಕ್ರಮಗಳನ್ನು ಮಾತ್ರ ಹಾಕಿಸಿಕೊಳ್ಳಬೇಡಿ. ಹಲವು ಕಡೆ ರೋಗಕ್ಕೆ ಅವೇ ಮೂಲ.

5. ಅಲಂಕಾರ ತೆಗೆಯಿರಿ. ಕಿಟಕಿಗಳು ತೇಲಿ ಬರುವುದು, ನೆರಳು ಬೀಳುವುದು ಇವೆಲ್ಲ ಹಳೆಯ ಯಂತ್ರಕ್ಕೆ ಹೊರೆ. ದಿಸ್ ಪಿಸಿ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್, ಅಲ್ಲಿಂದ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್, ಅದರಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿಗೆ ಹೋಗಿ ಅಡ್ಜಸ್ಟ್ ಫಾರ್ ಬೆಸ್ಟ್ ಪರ್ಫಾರ್ಮೆನ್ಸ್ ಆರಿಸಿ. ಪಟ್ಟಿಯ ಕೆಳಗಡೆ ಇರುವ ಸ್ಮೂತ್ ಎಡ್ಜಸ್ ಎಂಬ ಒಂದಕ್ಕೆ ಮಾತ್ರ ಗುರುತು ಹಾಕಿ, ಇಲ್ಲದಿದ್ದರೆ ಅಕ್ಷರ ಒರಟಾಗಿ ಕಾಣುತ್ತದೆ.

6. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಇದ್ದಾಗ ಶಟ್ ಡೌನ್ ಮಾಡಿದರೂ ಅದು ಪೂರ್ತಿ ಮಲಗುವುದಿಲ್ಲ. ಹಿಂದಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಒತ್ತಿದಾಗ ಮಾತ್ರ ಹೊಸದಾಗಿ ಏಳುತ್ತದೆ. ಸ್ವಿಚ್ ಬೋರ್ಡಿನಲ್ಲೇ ಆರಿಸುವ ಅಭ್ಯಾಸವಂತೂ ಬೇಡ, ಡಿಸ್ಕಿನ ಕಡತಗಳು ಕೆಡುತ್ತವೆ. ಕರೆಂಟ್ ಹೋಗುವ ಊರಿನಲ್ಲಿ ಒಂದು ಸಣ್ಣ ಯುಪಿಎಸ್ ಇರಲೇಬೇಕು.

ನಮ್ಮ ಕಸುಬಿನ ಶತ್ರು: ಎಣ್ಣೆ ಹೊಗೆ

ಬ್ಯಾಂಕಿನಲ್ಲಿ, ಆಫೀಸಿನಲ್ಲಿ ಇರುವ ಕಂಪ್ಯೂಟರಿಗೂ ನಮ್ಮ ಗಲ್ಲಾದ ಕಂಪ್ಯೂಟರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮದು ದಿನಕ್ಕೆ ಹದಿನೈದು ಹದಿನಾರು ಗಂಟೆ ದುಡಿಯುತ್ತದೆ. ಅದೂ ಒಗ್ಗರಣೆಯ ಹೊಗೆ, ಹಿಟ್ಟಿನ ಧೂಳು, ಊದುಬತ್ತಿಯ ಬೂದಿ, ಕರ್ಪೂರದ ಮಸಿ ಇವುಗಳ ನಡುವೆ.

ಪ್ರೊಸೆಸರಿನ ಮೇಲೆ ಒಂದು ಲೋಹದ ಬಾಚಣಿಗೆಯಂಥ ತುಂಡು, ಅದರ ಮೇಲೆ ಒಂದು ಫ್ಯಾನು ಇರುತ್ತದೆ. ಬಿಸಿ ಹೊರಗೆ ಹೋಗುವುದು ಅದರ ಮೂಲಕ. ಎಣ್ಣೆಯ ಪಸೆಗೆ ಧೂಳು ಅಂಟಿ ಅಲ್ಲಿ ಕಂಬಳಿಯಂತೆ ಕೂರುತ್ತದೆ. ಪ್ರೊಸೆಸರ್ ತುಂಬಾ ಬಿಸಿಯಾದಾಗ ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಯಂತ್ರ ಮಧ್ಯಾಹ್ನದ ಹೊತ್ತಿಗೆ ಸೋತರೆ, ಫ್ಯಾನು ಹೋ ಎಂದು ಕೂಗುತ್ತಿದ್ದರೆ ಮೊದಲ ಸಂಶಯ ಇದರ ಮೇಲೆಯೇ ಇರಬೇಕು. ಈ ಯಂತ್ರಕ್ಕೆ ಹೊಸ ಸಾಫ್ಟ್‌ವೇರ್ ಹಾಕಿ ಏನೂ ಫಲವಿಲ್ಲ, ಬೇಕಾದದ್ದು ಒಂದು ಬ್ರಷ್ಷು.

ಆರು ತಿಂಗಳಿಗೊಮ್ಮೆ ಡಬ್ಬಿ ತೆರೆಸಿ ಶುಚಿ ಮಾಡಿಸಿ. ವಯರು ಕಿತ್ತ ಮೇಲೆಯೇ ತೆರೆಯಬೇಕು. ಒಣ ಧೂಳನ್ನು ಬ್ಲೋವರಿನಿಂದ ಊದಬಹುದು. ಆಗ ಫ್ಯಾನು ಗಿರಗಿರ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಎಣ್ಣೆ ಹಿಡಿದ ಧೂಳು ಊದಿದರೆ ಹೋಗದು. ಮೆದು ಬ್ರಷ್ಷು ಮತ್ತು ಐಸೋಪ್ರೊಪೈಲ್ ಆಲ್ಕೊಹಾಲ್ ಬೇಕು. ಒದ್ದೆ ಬಟ್ಟೆ ಮುಟ್ಟಿಸಬಾರದು. ಹಲವು ವರ್ಷ ಹಳೆಯ ಯಂತ್ರವಾದರೆ ಪ್ರೊಸೆಸರಿನ ಮೇಲಿನ ಬಿಳಿ ಪೇಸ್ಟನ್ನೂ ಹೊಸದಾಗಿ ಹಚ್ಚಿಸಿ. ಒಣಗಿದ ಪೇಸ್ಟು ಬಿಸಿಯನ್ನು ದಾಟಿಸುವುದಿಲ್ಲ.

ಇಡುವ ಜಾಗವೂ ಮುಖ್ಯ. ಅಡಿಗೆಮನೆಯ ಬಾಗಿಲಿಗೆ ಮುಖ ಮಾಡಿ ಇಡಬೇಡಿ. ನೆಲ ಒರೆಸುವ ನೀರು ತಾಗದಂತೆ ಒಂದು ಅಡಿ ಎತ್ತರದಲ್ಲಿರಲಿ. ಹಿಂದೆ ಒಂದು ಗೇಣು ಜಾಗ ಬಿಡಿ. ದೇವರ ಫೋಟೋದ ನೇರ ಕೆಳಗೆ ಬೇಡ, ಮೇಲಿನಿಂದ ಬೀಳುವ ಕುಂಕುಮ, ಬೂದಿ, ಎಣ್ಣೆ ಒಳಗೆ ಇಳಿಯುತ್ತದೆ. ಓಡುತ್ತಿರುವಾಗ ಪ್ಲಾಸ್ಟಿಕ್ ಹೊದಿಸಬೇಡಿ. ಬೆಚ್ಚಗಿನ ಜಾಗ ಎಂದರೆ ಜಿರಳೆಗೆ ಪ್ರೀತಿ. ಆದರೆ ಯಂತ್ರದೊಳಗೆ ಜಿರಳೆಯ ಸ್ಪ್ರೇ ಹೊಡೆಯುವುದು ಅಪಾಯ, ಅದು ಬೆಂಕಿ ಹಿಡಿಯುವಂಥದ್ದು. ಹೊರಗಡೆ ಜೆಲ್ ಇಟ್ಟರೆ ಸಾಕು.

ಇದರ ಜೊತೆಗೆ ಇನ್ನೊಂದು ಸಣ್ಣ ಕೆಲಸ. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ಲು ಇದೆ, ಸಾಮಾನ್ಯವಾಗಿ ಸಿಆರ್ 2032 ಎಂಬುದು. ಅದು ಸೋತರೆ ಬೆಳಿಗ್ಗೆ ಯಂತ್ರ ಹಳೆಯ ತಾರೀಕು ತೋರಿಸುತ್ತದೆ. ಬಿಲ್ಲಿನ ತಾರೀಕು ತಪ್ಪಿದರೆ ಜಿಎಸ್‌ಟಿ ಲೆಕ್ಕವೇ ತಪ್ಪಿದಂತೆ. ಡಬ್ಬಿ ತೆರೆದಾಗ ಅದನ್ನೂ ಬದಲಿಸಿಬಿಡಿ.

ದುಡ್ಡು ಹಾಕುವುದಾದರೆ ಎಲ್ಲಿ?

ಮೇಲಿನದ್ದೆಲ್ಲ ಮಾಡಿದ ಮೇಲೂ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100 ತೋರಿಸುತ್ತಿದ್ದರೆ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ. ಹಳೆಯ ಯಂತ್ರಕ್ಕೆ ಇದಕ್ಕಿಂತ ಫಲ ಕೊಡುವ ಖರ್ಚು ಬೇರೆ ಇಲ್ಲ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ, ಸೂಜಿಯಿಲ್ಲ. ಹುಡುಕಾಟಕ್ಕೆ ಹಾರ್ಡ್ ಡಿಸ್ಕಿಗೆ ಹಿಡಿಯುವ ಸಮಯದ ನೂರನೇ ಒಂದು ಪಾಲು ಸಾಕು. ಉಗ್ರಾಣವನ್ನು ಮಹಡಿಯಿಂದ ಇಳಿಸಿ ಭಟ್ಟರ ಬೆನ್ನ ಹಿಂದೆಯೇ ತಂದಿಟ್ಟಂತೆ.

ನಮ್ಮ ಗಲ್ಲಾದ ಯಂತ್ರ 2014ರಲ್ಲಿ ಕೊಂಡದ್ದು. ಮೊದಲು ಬೆಳಿಗ್ಗೆ ಸ್ವಿಚ್ ಒತ್ತಿ, ದೇವರಿಗೆ ಹೂ ಏರಿಸಿ, ಊದುಬತ್ತಿ ಹಚ್ಚಿ, ಮೊದಲ ಕಾಫಿ ಕುಡಿದು ಬಂದರೂ ಬಳೆ ಸುತ್ತುತ್ತಲೇ ಇರುತ್ತಿತ್ತು. ಎಸ್‌ಎಸ್‌ಡಿ ಹಾಕಿಸಿದ ಮೇಲೆ ಊದುಬತ್ತಿ ಹೊತ್ತಿಕೊಳ್ಳುವುದರೊಳಗೆ ಬಿಲ್ಲಿನ ಪರದೆ ತೆರೆದಿರುತ್ತದೆ. ಪ್ರೊಸೆಸರ್ ಅದೇ, ವಿಂಡೋಸ್ ಅದೇ, ಸಾಫ್ಟ್‌ವೇರ್ ಅದೇ.

ಎಸ್‌ಎಸ್‌ಡಿ ಕೊಳ್ಳುವಾಗ ಗಮನಿಸಬೇಕಾದ್ದು ಇಷ್ಟು:

- ಬಿಲ್ಲಿಂಗ್ ಯಂತ್ರಕ್ಕೆ 240 ಅಥವಾ 256 ಜಿಬಿ ಧಾರಾಳ. ಹಳೆಯ ಯಂತ್ರಗಳಿಗೆ ಸಾಟಾ ಎಂಬ ಬಗೆಯ, ಎರಡೂವರೆ ಇಂಚಿನದ್ದು ಹೊಂದುತ್ತದೆ. ಹೆಸರುವಾಸಿ ಕಂಪೆನಿಯದ್ದೇ ತೆಗೆದುಕೊಂಡು ವಾರಂಟಿಯ ಬಿಲ್ಲು ಕೇಳಿ ಪಡೆಯಿರಿ. ಬೆಲೆ ಏರಿಳಿಯುತ್ತಿರುತ್ತದೆ, ಎರಡು ಅಂಗಡಿಯಲ್ಲಿ ವಿಚಾರಿಸಿ.

- ಹಳೆಯ ಡಿಸ್ಕಿನಲ್ಲಿರುವುದನ್ನು ಇದ್ದದ್ದು ಇದ್ದ ಹಾಗೆ ಹೊಸದಕ್ಕೆ ಇಳಿಸಬಹುದು. ಇದಕ್ಕೆ ಕ್ಲೋನಿಂಗ್ ಎನ್ನುತ್ತಾರೆ. ಹೋಟೆಲು ಮುಚ್ಚಿದ ಮೇಲೆ ರಾತ್ರಿ ಮಾಡಿಸಿ.

- ಕೆಲವು ಬಿಲ್ಲಿಂಗ್ ಸಾಫ್ಟ್‌ವೇರುಗಳ ಪರವಾನಗಿ ಡಿಸ್ಕಿನ ನಂಬರಿಗೆ ಕಟ್ಟಿರುತ್ತದೆ. ಡಿಸ್ಕ್ ಬದಲಿಸುವ ಮೊದಲೇ ಸಾಫ್ಟ್‌ವೇರಿನವರಿಗೆ ಫೋನ್ ಮಾಡಿ ತಿಳಿಸಿ, ಇಲ್ಲದಿದ್ದರೆ ಮರುದಿನ ಬೆಳಿಗ್ಗೆ ಕೈಬಿಲ್ಲು ಬರೆಯಬೇಕಾದೀತು.

- ಹಳೆಯ ಡಿಸ್ಕನ್ನು ರಿಪೇರಿಯವರಿಗೆ ಬಿಟ್ಟುಕೊಡಬೇಡಿ. ಅದರಲ್ಲಿ ನಮ್ಮ ಹೋಟೆಲಿನ ಹುಟ್ಟುವಳಿ, ಗಿರಾಕಿಗಳ ಫೋನ್ ನಂಬರು, ಬ್ಯಾಂಕಿನ ವಿವರ ಎಲ್ಲ ಇದೆ. ಹೆಸರು ಬರೆದು ಕಪಾಟಿನಲ್ಲಿಡಿ, ಅದೇ ಒಂದು ಬ್ಯಾಕಪ್ ಆಯಿತು.

- ಹಾರ್ಡ್ ಡಿಸ್ಕಿಗೆ ಮಾಡುತ್ತಿದ್ದ ಡಿಫ್ರಾಗ್ ಎಂಬ ಕೆಲಸವನ್ನು ಎಸ್‌ಎಸ್‌ಡಿಗೆ ಮಾಡಿಸಬೇಡಿ. ವಿಂಡೋಸ್ ತಾನೇ ಅದಕ್ಕೆ ಬೇಕಾದ ಆರೈಕೆ ಮಾಡಿಕೊಳ್ಳುತ್ತದೆ.

ಮೆಮೊರಿ ತುಂಬಿ ತುಳುಕುತ್ತಿದ್ದರೆ ರ‍್ಯಾಮ್ ಹೆಚ್ಚಿಸಬೇಕು. 4 ಜಿಬಿ ಇದ್ದದ್ದನ್ನು 8 ಮಾಡಿದರೆ ಬಿಲ್ಲಿಂಗ್ ಮತ್ತು ಬ್ರೌಸರ್ ಎರಡೂ ನಡೆಯುತ್ತವೆ. ಆದರೆ ಡಿಡಿಆರ್ 3 ರ‍್ಯಾಮಿನ ಯಂತ್ರಕ್ಕೆ ಡಿಡಿಆರ್ 4 ಕೂರುವುದಿಲ್ಲ, ಅದರ ಕಚ್ಚು ಬೇರೆ. ಇನ್ನೊಂದು ವಿಷಯ, ಸಾಮಾನ್ಯವಾಗಿ ಬಳಸುವ 32 ಬಿಟ್ ವಿಂಡೋಸ್ 4 ಜಿಬಿಗಿಂತ ಹೆಚ್ಚಿನ ರ‍್ಯಾಮನ್ನು ಬಳಸದು. ಅಂಥ ಯಂತ್ರಕ್ಕೆ 8 ಜಿಬಿ ಹಾಕಿಸಿದರೆ ಅರ್ಧ ದುಡ್ಡು ನೀರಿಗೆ. ಸಿಸ್ಟಮ್ ಎಂಬ ಪುಟದಲ್ಲಿ 32 ಎಂದಿದೆಯೋ 64 ಎಂದಿದೆಯೋ ನೋಡಿದ ಮೇಲೆಯೇ ಕೊಳ್ಳಿ.

ಯಂತ್ರ ಸರಿಯಿದ್ದೂ ಬಿಲ್ ತಡವಾದರೆ

ಟಾಸ್ಕ್ ಮ್ಯಾನೇಜರಿನಲ್ಲಿ ಮೂರೂ ತಣ್ಣಗಿದ್ದು ಬಿಲ್ ಮಾತ್ರ ತಡವಾದರೆ ಮೂರು ಕಡೆ ನೋಡಬೇಕು.

ಮೊದಲನೆಯದು ಪ್ರಿಂಟರ್. ಅಡಿಗೆಮನೆಯ ಆರ್ಡರ್ ಪ್ರಿಂಟರಿನಲ್ಲಿ ಕಾಗದ ಮುಗಿದಿದ್ದರೆ ಅಥವಾ ಅದರ ವಯರನ್ನು ಇಲಿ ಕಡಿದಿದ್ದರೆ ಕೆಲವು ಸಾಫ್ಟ್‌ವೇರುಗಳು ಅದರ ಉತ್ತರಕ್ಕೆ ಕಾಯುತ್ತಾ ನಿಲ್ಲುತ್ತವೆ. ಈಗ ಬಳಕೆಯಲ್ಲಿಲ್ಲದ ಹಳೆಯ ಪ್ರಿಂಟರುಗಳ ಹೆಸರು ಪಟ್ಟಿಯಲ್ಲಿ ಉಳಿದಿದ್ದರೆ ತೆಗೆಸಿಬಿಡಿ.

ಎರಡನೆಯದು ಸಂಪರ್ಕ. ಗಲ್ಲಾ, ಪಾರ್ಸೆಲ್ ಕೌಂಟರ್, ಫ್ಯಾಮಿಲಿ ರೂಮು ಹೀಗೆ ಎರಡು ಮೂರು ಯಂತ್ರ ಜೋಡಿಸಿದ್ದರೆ ವೈಫೈಗಿಂತ ವಯರು ಮೇಲು. ಸ್ಟೀಲ್ ಕಪಾಟು, ಫ್ರಿಜ್ಜು, ಕಾಂಕ್ರೀಟ್ ಗೋಡೆ ದಾಟಿ ಬರುವಾಗ ವೈಫೈ ಬಲಹೀನವಾಗುತ್ತದೆ.

ಮೂರನೆಯದು ಬಿಲ್ಲುಗಳ ರಾಶಿ. ದಿನಕ್ಕೆ 500 ಬಿಲ್ಲಾದರೆ ವರ್ಷಕ್ಕೆ 1,80,000ಕ್ಕೂ ಹೆಚ್ಚು. ಎಂಟು ವರ್ಷದ್ದು ಒಂದೇ ಕಡತದಲ್ಲಿದ್ದರೆ ಒಂದು ಬಿಲ್ಲು ಹುಡುಕಲು ಇಡೀ ರಾಶಿ ಕೆದಕಬೇಕಾಗಬಹುದು. ಮಾರ್ಚ್ 31 ಮುಗಿದ ಮೇಲೆ ಹಳೆಯ ವರ್ಷದ ಲೆಕ್ಕವನ್ನು ಬೇರೆ ಮಾಡಿ ಹೊಸ ಕಡತ ತೆರೆಯಲು ಸಾಫ್ಟ್‌ವೇರಿನವರಿಗೆ ಹೇಳಿ. ಬೇರೆ ಮಾಡಿದ್ದನ್ನು ಅಳಿಸಬಾರದು, ಆ 72 ತಿಂಗಳ ಲೆಕ್ಕ ನೆನಪಿರಲಿ.

ವಿಂಡೋಸಿನ ವಯಸ್ಸು

ವೇಗದ ಜೊತೆಗೆ ಭದ್ರತೆಯನ್ನೂ ನೋಡಬೇಕು. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕಂಪೆನಿಯ ಬೆಂಬಲ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 8.1ಕ್ಕೆ 2023ರ ಜನವರಿ 10ಕ್ಕೆ ಮುಗಿಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬೆಂಬಲ ಮುಗಿದರೆ ಯಂತ್ರ ನಿಲ್ಲುವುದಿಲ್ಲ. ಆದರೆ ಕಳ್ಳರು ಕಂಡುಹಿಡಿದ ಹೊಸ ಕಿಂಡಿಗಳನ್ನು ಮುಚ್ಚುವವರಿಲ್ಲ. ವ್ಯಾಪಾರ ಸಂಸ್ಥೆಗಳು ವರ್ಷ ವರ್ಷ ಹಣ ಕೊಟ್ಟು ಹೆಚ್ಚೆಂದರೆ ಮೂರು ವರ್ಷ ವಿಂಡೋಸ್ 10ರ ಭದ್ರತಾ ಬೆಂಬಲ ಮುಂದುವರಿಸಿಕೊಳ್ಳುವ ಏರ್ಪಾಡು ಇದೆ.

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಮ್ 2.0 ಎಂಬ ಭದ್ರತೆಯ ಚಿಪ್ಪು ಬೇಕು. ಇಂಟೆಲ್ ಪ್ರೊಸೆಸರಾದರೆ ಸ್ಥೂಲವಾಗಿ ಎಂಟನೇ ತಲೆಮಾರಿನದ್ದು ಅಥವಾ ಆನಂತರದ್ದು ಆಗಿರಬೇಕು. 2017ಕ್ಕಿಂತ ಹಿಂದಿನ ಹೆಚ್ಚಿನ ಯಂತ್ರಗಳು ಇದರಲ್ಲಿ ಪಾಸಾಗುವುದಿಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ. ಲೆಕ್ಕಪತ್ರದ ಯಂತ್ರಕ್ಕೆ ಅದು ಬೇಡ.

ಹಾಗಾದರೆ ಬೆಂಬಲ ಮುಗಿದ ಹಳೆಯ ಯಂತ್ರಕ್ಕೆ ಗತಿ ಏನು? ಎರಡು ದಾರಿ ಇದೆ. ಬಿಲ್ಲಿಂಗ್ ಸಾಫ್ಟ್‌ವೇರಿಗೆ ಇಂಟರ್ನೆಟ್ ಬೇಡವಾದರೆ ಯಂತ್ರವನ್ನು ಇಂಟರ್ನೆಟ್ಟಿನಿಂದ ಬಿಡಿಸಿ ಬಿಲ್ಲಿಗೆ ಮಾತ್ರ ಇಟ್ಟುಕೊಳ್ಳುವುದು ಒಂದು. ಆಗ ಅದರಲ್ಲಿ ಬ್ಯಾಂಕಿನ ಕೆಲಸ, ಇಮೇಲ್ ಯಾವುದೂ ಕೂಡದು. ಸಿಕ್ಕವರ ಪೆನ್ ಡ್ರೈವ್ ಚುಚ್ಚಬಾರದು, ಹುಡುಗರು ಮೊಬೈಲ್ ಚಾರ್ಜಿಗೆ ಹಾಕಲೂಬಾರದು. ಎರಡನೆಯದು ಲಿನಕ್ಸ್. ಲಿನಕ್ಸ್ ಮಿಂಟ್ ಎಂಬುದು ಉಚಿತ. ಅದರ ಎಕ್ಸ್‌ಎಫ್‌ಸಿಇ ಎಂಬ ಹಗುರ ರೂಪ ಹಳೆಯ ಯಂತ್ರದಲ್ಲೂ ಸರಾಗವಾಗಿ ಓಡುತ್ತದೆ. ಡಿಸ್ಕನ್ನು ಮುಟ್ಟದೆ ಪೆನ್ ಡ್ರೈವಿನಿಂದಲೇ ನಡೆಸಿ ಪರೀಕ್ಷಿಸಬಹುದು. ಆದರೆ ವಿಂಡೋಸಿಗೆಂದು ಮಾಡಿದ ಬಿಲ್ಲಿಂಗ್ ಸಾಫ್ಟ್‌ವೇರ್ ಅದರಲ್ಲಿ ನೇರವಾಗಿ ಓಡದು. ಬ್ರೌಸರಿನಲ್ಲಿ ನಡೆಯುವ ಸಾಫ್ಟ್‌ವೇರಾದರೆ ಅಡ್ಡಿಯಿಲ್ಲ. ಬಿಲ್ ಪ್ರಿಂಟರ್ ಹೊಂದುತ್ತದೆಯೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಬೇಕು. ಮ್ಯಾನೇಜರ ಕೋಣೆಯ ಎರಡನೇ ಯಂತ್ರಕ್ಕೆ ಇದು ಒಳ್ಳೆಯ ಉಪಾಯ.

ಹಳೆಯದನ್ನು ಬಿಡುವುದು ಯಾವಾಗ?

ಎಲ್ಲವನ್ನೂ ಉಳಿಸಿಕೊಳ್ಳಬೇಕು ಎಂದು ನಾವು ಹೇಳುತ್ತಿಲ್ಲ. ತೂತು ಬಿದ್ದ ಕೊಪ್ಪರಿಗೆಗೆ ಎಷ್ಟು ಸಲ ಬೆಸುಗೆ ಹಾಕಿಸುವುದು? ಮದರ್‌ಬೋರ್ಡ್ ಪದೇಪದೇ ಕೈಕೊಟ್ಟರೆ, ರ‍್ಯಾಮ್ 2 ಜಿಬಿಗಿಂತ ಹೆಚ್ಚಿಸಲು ಬಾರದಿದ್ದರೆ, ಎಸ್‌ಎಸ್‌ಡಿ ಹಾಕಿದ ಮೇಲೂ ಸಿಪಿಯು 100ರಲ್ಲೇ ನಿಂತರೆ ಹೊಸದು ಕೊಳ್ಳುವುದೇ ಲಾಭ. ಇಂಟರ್ನೆಟ್ ಇಲ್ಲದೆ ನಡೆಯದ ವ್ಯವಹಾರವಾಗಿದ್ದು ವಿಂಡೋಸ್ 7 ಅಥವಾ 8.1ರಲ್ಲೇ ಕೂತಿದ್ದರೂ ಹಾಗೆಯೇ. ಆ ಯಂತ್ರಗಳಿಗೆ ಕ್ರೋಮ್ ಬ್ರೌಸರಿನ ಹೊಸ ಆವೃತ್ತಿ ಬರುವುದು 2023ರಲ್ಲೇ ನಿಂತಿದೆ. ಹೊಸದು ಕೊಳ್ಳುವಾಗ ಎಸ್‌ಎಸ್‌ಡಿ ಇರುವುದನ್ನೇ ಕೇಳಿ ಕೊಳ್ಳಿ.

ಗಲ್ಲಾದ ಪಕ್ಕದಲ್ಲಿ ಅಂಟಿಸಿಡಲು

ದಿನವೂ: ರಾತ್ರಿ ಬ್ಯಾಕಪ್, ಕ್ರಮದಲ್ಲಿ ಶಟ್ ಡೌನ್.
ವಾರಕ್ಕೊಮ್ಮೆ: ರೀಸ್ಟಾರ್ಟ್, ಬ್ಯಾಕಪ್ಪಿನ ಪ್ರತಿ ಮನೆಗೆ.
ತಿಂಗಳಿಗೊಮ್ಮೆ: ಡಿಸ್ಕ್ ಕ್ಲೀನಪ್, ಸ್ಟಾರ್ಟಪ್ ಪಟ್ಟಿ, ತಾರೀಕು ಸಮಯ ಪರಿಶೀಲನೆ.
ಆರು ತಿಂಗಳಿಗೊಮ್ಮೆ: ಡಬ್ಬಿ ಶುಚಿ, ಯುಪಿಎಸ್ ಪರೀಕ್ಷೆ.
ವರ್ಷಕ್ಕೊಮ್ಮೆ: ಹಳೆಯ ವರ್ಷದ ಲೆಕ್ಕ ಬೇರೆ ಮಾಡುವುದು.

ಈ ಚೀಟಿಯನ್ನು ಗಲ್ಲಾದಲ್ಲಿ ಕೂರುವ ಹುಡುಗನ ಕೈಗೇ ಕೊಡಿ. ಟಾಸ್ಕ್ ಮ್ಯಾನೇಜರ್ ನೋಡುವುದನ್ನು ಅವನಿಗೆ ಹೇಳಿಕೊಡಿ. ಊರಿನಿಂದ ಬಂದ ಹುಡುಗರು ಮೊಬೈಲಿನಲ್ಲಿ ನಮಗಿಂತ ಚುರುಕು, ಒಂದು ಸಲ ತೋರಿಸಿದರೆ ಸಾಕು. ಯಂತ್ರ ತಡವಾದಾಗ "ಡಿಸ್ಕ್ 100ರಲ್ಲಿದೆ ಧಣಿ" ಎಂದು ಅವನೇ ಬಂದು ಹೇಳುವಂತಾದರೆ ಅವನೂ ಬೈಸಿಕೊಳ್ಳುವುದು ತಪ್ಪುತ್ತದೆ, ನಮ್ಮ ದುಡ್ಡೂ ಉಳಿಯುತ್ತದೆ.

ಸದಸ್ಯರು ತಮ್ಮ ತಮ್ಮ ಗಲ್ಲಾದ ಯಂತ್ರದ ಮೂರು ಅಂಕಿಗಳನ್ನು ಈ ವಾರವೇ ಊಟದ ಹೊತ್ತಿನಲ್ಲಿ ಬರೆದುಕೊಂಡು ನೋಡಬೇಕಾಗಿ ವಿನಂತಿ.